ಬಿಸಿಲೇ ಕಾಣದ ಕಾರು ಅಂದರು, ನಂಬಿದೆ

ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೀರಾ? ಡೋರ್ ತೆಗೆದ ಕೂಡಲೇ ಜೋರಾಗಿ ಸೆಂಟ್ ವಾಸನೆ ಹೊಡೆದರೆ ಅಲ್ಲಿಂದಲೇ ವಾಪಸ್ ಬನ್ನಿ. ನಾನು ಬರಲಿಲ್ಲ. 6 ಲಕ್ಷ 40 ಸಾವಿರ ಕೊಟ್ಟು ಮನೆಗೆ ತಂದೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಬೇರೆ ಮಾಡಿಸಿದೆ.

2023ರ ಸಂಕ್ರಾಂತಿಗೆ ಮುಂಚೆ ಹಾಸನದಿಂದ ಬೆಂಗಳೂರಿಗೆ ಹೋಗಿ ತಂದ ಗಾಡಿ. 2019ರ ಪೆಟ್ರೋಲ್ ಸೆಡಾನ್, ಕೆಎ 53 ನಂಬರ್, ಓಡಿದ್ದು 31 ಸಾವಿರ ಕಿಲೋಮೀಟರ್. ಅದೇ ಮಾಡೆಲ್‌ಗೆ ಬೇರೆ ಕಡೆ ಎಂಟು ಲಕ್ಷದ ಹತ್ತಿರ ಹೇಳುತ್ತಿದ್ದರು. ಈ ಡೀಲರ್ ಯಾಕೆ ಕಡಿಮೆಗೆ ಕೊಡುತ್ತಿದ್ದಾನೆ ಅಂತ ಕೇಳಬೇಕಿತ್ತು ಅಲ್ವಾ? ನಾನು ಕೇಳಿದ್ದು, ಇನ್ನೊಂದು ಹತ್ತು ಸಾವಿರ ಬಿಡ್ತೀರಾ ಅಂತ. ಸೀಟ್ ಕವರ್ ಹೊಸದು, ಮ್ಯಾಟ್ ಹೊಸದು. ಖುಷಿಪಟ್ಟೆ, ದಡ್ಡ.

"ಸರ್ಜಾಪುರ ರೋಡಿನ ಐಟಿಯವರ ಗಾಡಿ ಸಾರ್. ಸಿಂಗಲ್ ಓನರ್. ಬೇಸ್‌ಮೆಂಟ್ ಪಾರ್ಕಿಂಗ್, ಬಿಸಿಲೇ ಕಂಡಿಲ್ಲ" ಅಂದ ಡೀಲರ್.

ಬಿಸಿಲು ಕಂಡಿಲ್ಲ, ನಿಜ. 2022ರ ಸೆಪ್ಟೆಂಬರ್ ಮೊದಲ ವಾರ ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ಮಳೆನೀರು ನುಗ್ಗಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದನ್ನು ನಾನೂ ಟಿವಿಯಲ್ಲಿ ನೋಡಿ ನಕ್ಕಿದ್ದೆ. ಆ ಬೇಸ್‌ಮೆಂಟ್‌ಗಳಲ್ಲಿ ಮುಳುಗಿದ ಕಾರುಗಳು ಆಮೇಲೆ ಎಲ್ಲಿಗೆ ಹೋದವು ಅಂತ ಯೋಚಿಸಲಿಲ್ಲ. ಒಂದು ನಮ್ಮ ಮನೆಗೇ ಬಂತು.

ಬರುವಾಗ ಕುಣಿಗಲ್ ದಾಟುವ ಹೊತ್ತಿಗೇ ಹೆಂಡತಿ ಹೇಳಿದಳು, "ಇದು ನಮ್ಮಮ್ಮನ ಮನೆ ಅಟ್ಟದ ವಾಸನೆ ಕಣ್ರೀ." ಎಸಿ ಹಾಕಿದ್ದಕ್ಕೆ ಹಾಗೆ, ಸುಮ್ನಿರು ಅಂದೆ. ಆ ಮಾತನ್ನು ಇವತ್ತಿಗೂ ವಾರಕ್ಕೊಂದು ಸಲ ನೆನಪಿಸುತ್ತಾಳೆ.

ಎರಡನೇ ತಿಂಗಳು ಏರ್‌ಬ್ಯಾಗ್ ಲೈಟ್ ಹತ್ತಿಕೊಂಡಿತು. ಆಮೇಲೆ ಕಿಟಕಿ ಗಾಜು ತಾನೇ ಇಳಿಯತೊಡಗಿತು. ಒಂದು ಸಂಜೆ ಸಕಲೇಶಪುರದ ಹತ್ತಿರ, ಮಕ್ಕಳು ಒಳಗಿರುವಾಗಲೇ ಗಾಡಿ ನಿಂತೇಹೋಯಿತು.

ಟೋ ಮಾಡಿಸಿ ತಂದ ಮೇಲೆ ನಮ್ಮ ಮೆಕ್ಯಾನಿಕ್ ಬಾನೆಟ್ ಕೂಡ ತೆಗೆಯಲಿಲ್ಲ. ಡ್ರೈವರ್ ಸೀಟಿನ ಬೆಲ್ಟ್ ಹಿಡಿದು ಎಳೆದ. ಎಳೆದ, ಎಳೆದ, ಪೂರ್ತಿ ಎಳೆದ. ಕೊನೆಯ ಒಂದು ಗೇಣು ಬೆಲ್ಟ್ ಕೆಸರು ಬಣ್ಣ. ಅಲ್ಲಿಂದ ಮೇಲೆ ಗೆರೆ ಎಳೆದ ಹಾಗೆ ಕಪ್ಪು. "ಅಣ್ಣ, ಈ ಗಾಡಿ ಕೆರೇಲಿ ಈಜಿದೆ" ಅಂದ. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಏನು ಮಾಡಲಿ. ಸ್ಟೆಪ್ನಿ ಎತ್ತಿದರೆ ಕೆಳಗೆ ಒಣಗಿದ ಮಣ್ಣು. ಸೀಟಿನ ಕೆಳಗಿನ ರೈಲು ತುಕ್ಕು. ವೈರಿಂಗ್ ಕನೆಕ್ಟರ್ ಬಿಚ್ಚಿದರೆ ಪಿನ್‌ಗಳೆಲ್ಲ ಹಸಿರು. ಅಪಘಾತವಾದರೆ ಏರ್‌ಬ್ಯಾಗ್ ತೆರೆಯುತ್ತಾ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ನಂಬರ್ ಹಾಕಿಸಿ ನೋಡಿದೆ. ಸೆಪ್ಟೆಂಬರ್ 2022, ಟೋ ಆಗಿ ಬಂದಿದೆ, ಒಳಗೆ ನೀರು. ರಿಪೇರಿ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆಯ, ಮುಕ್ಕಾಲು ಭಾಗ ದಾಟಿದರೆ ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಅಂತ ಬರೆಯುತ್ತಾರೆ. ಇದಕ್ಕೂ ಹಾಗೇ ಬರೆದಿದ್ದಾರೆ. ಅಂಥ ಗಾಡಿಯನ್ನು ಯಾರೋ ಅಗ್ಗಕ್ಕೆ ಎತ್ತಿ, ತೊಳೆದು, ಸೆಂಟ್ ಹೊಡೆದು ನನಗೆ ಮಾರಿದರು. ಡೀಲರ್ ಕೊಟ್ಟ ಪಾಲಿಸಿಯಲ್ಲೇ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದಿದ್ದರೆ ಸಿಗುವ ರಿಯಾಯಿತಿ, ಸೊನ್ನೆ ಅಂತಿತ್ತು. ಮೂರು ವರ್ಷದ ಗಾಡಿಗೆ ಸೊನ್ನೆ! ನೋಡಿರಲಿಲ್ಲ.

ಡೀಲರ್‌ಗೆ ಫೋನ್ ಮಾಡಿದೆ. ಮೊದಲು, "ಬೆಂಗಳೂರಲ್ಲಿ ಮಳೆ ಬಂದ್ರೆ ಎಲ್ಲಾ ಗಾಡಿನೂ ನೆನೆಯುತ್ತೆ ಸಾರ್." ಆಮೇಲೆ, "ನಮಗೂ ಗೊತ್ತಿರ್ಲಿಲ್ಲ ಸಾರ್." ಆಮೇಲೆ, "ನೋಡಿ ಒಪ್ಪಿ ತಗೊಂಡಿದ್ದೀನಿ ಅಂತ ಸೈನ್ ಹಾಕಿದ್ದೀರಲ್ಲ ಸಾರ್." ಹಾಕಿದ್ದೆ. ಡೆಲಿವರಿ ನೋಟ್ ಓದದೇ ಹಾಕಿದ್ದೆ. ಪ್ರತಿ ಮಾತಿಗೂ ಸಾರ್ ಸಾರ್, ಅದಕ್ಕೇ ಜಾಸ್ತಿ ಉರಿಯುತ್ತದೆ.

ದುಡ್ಡು ಕೊಡುವ ಮುಂಚೆ ಬೆಲ್ಟ್ ಪೂರ್ತಿ ಎಳೆದು ನೋಡಿ, ಸ್ಟೆಪ್ನಿ ಎತ್ತಿಸಿ, ಸರ್ವಿಸ್ ಹಿಸ್ಟರಿ ನೀವೇ ತೆಗೆಸಿ. ಅವನ ಮೆಕ್ಯಾನಿಕ್ ಬೇಡ, ನಿಮ್ಮವನನ್ನೇ ಕರೆದುಕೊಂಡು ಹೋಗಿ. ಹೆಂಡತಿ ವಾಸನೆ ಅಂದರೆ ನಂಬಿ.

ಹೋದ ವಾರ ವಾಪಸ್ ತಗೋ ಅಂತ ಕೊನೇ ಸಲ ಕೇಳಿದೆ. "ವಾಪಸ್ ಕಷ್ಟ ಸಾರ್. ಹಾಸನದ ಕಡೆ ಯಾರಾದ್ರೂ ಪಾರ್ಟಿ ಇದ್ರೆ ನೋಡಿ, ವಾಸನೆ ನಾನು ತೆಗೆಸಿಕೊಡ್ತೀನಿ" ಅಂದ.