ಹಾಸನದ ಸ್ಪೀಚ್ ಥೆರಪಿ ಸೆಂಟರ್: ಹಾಡುವವರ ಮಾತು ನಿಂತಾಗ

ನಮ್ಮ ಚಿಕ್ಕಪ್ಪ ಆರ್ಕೆಸ್ಟ್ರಾ ಗಾಯಕರು. ಸ್ಟ್ರೋಕ್ ಆದ ಮೇಲೆ ಮಾತು ನಿಂತಿತ್ತು, ಹಳೇ ಹಾಡಿನ ಸಾಲು ಮಾತ್ರ ಬಾಯಿಗೆ ಬರುತ್ತಿತ್ತು. ಇಲ್ಲಿನ ಮೇಡಂ ಅದನ್ನೇ ಹಿಡಿದುಕೊಂಡರು. ಮಾತಿನ ಕೆಲಸ ಹೆಚ್ಚಿನವರಲ್ಲಿ ಮೆದುಳಿನ ಎಡಭಾಗದ್ದು, ಹಾಡಿಗೆ ಬಲಭಾಗವೂ ಕೈಜೋಡಿಸುತ್ತದೆ ಅಲ್ವಾ, ಅದಕ್ಕೇ ‘ನೀರು ಬೇಕು’ ಅನ್ನುವುದನ್ನು ರಾಗವಾಗಿ ಎಳೆದು, ಎಡಗೈಯಲ್ಲಿ ತಾಳ ಹಾಕಿಸಿ ಹೇಳಿಸುತ್ತಾರೆ. 1973ರಿಂದ ಇರುವ ವಿಧಾನ. ಎಲ್ಲರಿಗೂ ಫಲ ಕೊಡಲ್ಲ ಅಂತಲೂ ಮೊದಲೇ ಹೇಳಿದರು, ಸುಮ್ನೆ ಆಸೆ ಹುಟ್ಟಿಸಲಿಲ್ಲ.

ಸ್ಕಾಟ್ಲೆಂಡಿನ ಗಾಯಕ ಎಡ್ವಿನ್ ಕಾಲಿನ್ಸ್‌ಗೆ 2005ರಲ್ಲಿ ಮೆದುಳಿನಲ್ಲಿ ರಕ್ತಸ್ರಾವವಾಗಿ ನಾಲ್ಕೇ ಮಾತು ಉಳಿದಿತ್ತು. 2007ರಲ್ಲಿ ಮತ್ತೆ ವೇದಿಕೆ ಹತ್ತಿದರು. ಅವರ ವಿಡಿಯೋ ನೋಡಿ ಚಿಕ್ಕಪ್ಪನ ಕಣ್ಣು ತುಂಬಿತು.

ಸೆಂಟರ್ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಾಲಿಗೆ ಬಲವಿಲ್ಲದವರಿಗೆ ಇದು ಜಾಸ್ತಿ ಕಷ್ಟ, ದಯವಿಟ್ಟು ಸರಿಮಾಡಿ. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ತಡ ಮಾಡದೆ ಕರೆದುಕೊಂಡು ಹೋಗಿ.