1930ಕ್ಕೆ ಫೋನ್ ಮಾಡಿದರೆ ಏನಾಗುತ್ತೆ, ಏನಾಗಲ್ಲ

ಸೈಬರ್ ವಂಚಕರ ಪಾಲಾದ ಹಿರಿಯರ ಹಣವನ್ನು ದಾರಿಯಲ್ಲೇ ತಡೆಯೋಕೆ ಇವತ್ತು ಕೈಗೆ ಸಿಗುವ ಸೇವೆ 1930 ಸಹಾಯವಾಣಿ. ಹಾಸನ, ಚಿಕ್ಕಮಗಳೂರು ಕಡೆಯವರು ಬಳಸುವ ಲೆಕ್ಕದಲ್ಲಿ ಅದಕ್ಕೆ ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಕಡಿತವಾದ ಒಂದೂವರೆಯಲ್ಲಿ ಸಹಾಯವಾಣಿಯ ತಪ್ಪಿಗಿಂತ ಕಾನೂನಿನ ಕೊರತೆಯೇ ಹೆಚ್ಚು.

ಇದು ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆ. 2021ರಲ್ಲಿ 155260 ನಂಬರಿನಲ್ಲಿ ಶುರುವಾಗಿ ಆಮೇಲೆ 1930 ಆಯಿತು. ದೂರು ದಾಖಲಾದ ಕೂಡಲೇ ಹಣ ಹೋಗಿ ಸೇರಿದ ಬ್ಯಾಂಕಿಗೆ ಟಿಕೆಟ್, ಅಂದರೆ ಆ ದೂರಿನ ಸೂಚನೆ, ಹೋಗುತ್ತೆ. ಹಣ ಇನ್ನೂ ಅಲ್ಲೇ ಇದ್ದರೆ ಹೋಲ್ಡ್ ಬೀಳುತ್ತೆ, ಅಂದರೆ ಯಾರೂ ತೆಗೆಯದಂತೆ ತಡೆಯಾಗುತ್ತೆ. ಇನ್ನೊಂದು ಖಾತೆಗೆ ದಾಟಿದ್ದರೆ ಟಿಕೆಟ್ಟೂ ಅದರ ಬೆನ್ನು ಹತ್ತಿ ಮುಂದಿನ ಬ್ಯಾಂಕಿಗೆ ಹೋಗುತ್ತೆ. ಎಟಿಎಂನಿಂದ ನೋಟಾಗಿ ಹೊರಬಂದರೆ ಅಲ್ಲಿಗೆ ಜಾಡು ಮುಗಿಯಿತು. ಹಾಗಾಗಿ "ರಾತ್ರಿ ಮಗ ಬೆಂಗಳೂರಿಂದ ಫೋನ್ ಮಾಡಿದಾಗ ಹೇಳೋಣ" ಅಂತ ಕೂತರೆ ಆ ಹೊತ್ತಿಗೆ ದುಡ್ಡು ನಾಲ್ಕೈದು ಖಾತೆ ದಾಟಿರಬಹುದು. ಲೈನು ದಿನದ 24 ಗಂಟೆಯೂ ಇರುತ್ತೆ, ಭಾನುವಾರ, ಹಬ್ಬ ಅಂತ ನೋಡಬೇಕಾಗಿಲ್ಲ.

ಫೋನ್ ಎತ್ತುವ ಮುಂಚೆ ಎದುರಿಗೆ ಇರಬೇಕಾದ್ದು: ಖಾತೆ ನಂಬರ್, ಹೋದ ಮೊತ್ತ, ದಿನ, ಹೊತ್ತು, ಮುಖ್ಯವಾಗಿ ವ್ಯವಹಾರದ ನಂಬರ್. ಯುಪಿಐ, ಐಎಂಪಿಎಸ್ ಆದರೆ ಅದು 12 ಅಂಕಿ. ನೆಫ್ಟ್ ಆದರೆ ಆ ನಂಬರಿಗೆ ಯುಟಿಆರ್ ಅಂತಾರೆ, ಅದು 16 ಅಕ್ಷರ, ಆರ್‌ಟಿಜಿಎಸ್ ಯುಟಿಆರ್ 22. ಎಡವಟ್ಟಾಗುವುದು ಇಲ್ಲೇ. ಬಂದ ಮೆಸೇಜನ್ನು ನೋಡಿಕೊಂಡು ಅದೇ ಮೊಬೈಲಿನಲ್ಲಿ ಮಾತಾಡಲು ಹೋದರೆ ಅಂಕಿ ತಪ್ಪುತ್ತೆ. ಮೂಡಿಗೆರೆ, ಸಕಲೇಶಪುರದ ತೋಟದ ಮನೆಗಳಲ್ಲಿ ಸಿಗ್ನಲ್ ಒಂದು ಕಡ್ಡಿ ಇದ್ದರೆ ಹೆಚ್ಚು, 'ಬಿ'ಯೋ 'ಡಿ'ಯೋ ಆಚೆಯವರಿಗೆ ಕೇಳಿಸಲ್ಲ. ಮೊದಲು ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಂಡು, ಮೂರು ಮೂರು ಅಂಕಿಯಾಗಿ ಓದಬೇಕು. ಆರ್‌ಟಿಜಿಎಸ್ ಬ್ರಾಂಚಿನಲ್ಲಿ ಮಾಡಿಸಿದ್ದರೆ ಚಲನ್‌ನ ಹರಿದುಕೊಟ್ಟ ಭಾಗವನ್ನೂ ಇಟ್ಟುಕೊಳ್ಳಿ.

ಕರೆ ಮುಗಿದ ಮೇಲೆ ಮೊಬೈಲಿಗೆ ಸ್ವೀಕೃತಿ ನಂಬರ್ ಬರುತ್ತೆ. ಅದನ್ನು ಹಿಡಿದು 24 ಗಂಟೆಯೊಳಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಪೂರ್ತಿ ದೂರು ತುಂಬಬೇಕು. ಫೋನ್ ಮಾಡಿದ್ದೇ ದೂರು ಅಂದುಕೊಂಡು ಬಿಡುವವರು ಬಹಳ. ಲೈನ್ ಸಿಗದಿದ್ದರೆ ನೇರ ಪೋರ್ಟಲ್‌ಗೇ ಹೋಗಬಹುದು. ಪೊಲೀಸ್ ದೂರಿಗೆ ಎರಡೂ ಜಿಲ್ಲಾ ಕೇಂದ್ರಗಳಲ್ಲಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಇದೆ. ಆದರೆ ಕೊಪ್ಪದಿಂದಲೋ ಅರಸೀಕೆರೆಯಿಂದಲೋ ವಯಸ್ಸಾದವರು ಬಸ್ಸು ಹತ್ತಿ ಬರಬೇಕೆಂದೇನಿಲ್ಲ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು.

ಹೋಲ್ಡ್ ಆಯಿತು ಅಂದರೆ ದುಡ್ಡು ವಾಪಸ್ ಬಂತು ಅಂತಲ್ಲ. ಅದನ್ನು ಬಿಡಿಸಿಕೊಳ್ಳಲು ಸಾಮಾನ್ಯವಾಗಿ ಅದೇ ಸಂಹಿತೆಯ 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕು. ಅರ್ಧ ಅಂಕ ಹೋದದ್ದು ಇದಕ್ಕೆ. ಹೋಲ್ಡಿನಲ್ಲಿ ಇನ್ನೊಂದು ತೊಡಕೂ ಇದೆ. ವಂಚಕರ ದುಡ್ಡು ಸ್ವಲ್ಪ ಬಂದು ಬಿದ್ದಿತೆಂದು ಏನೂ ಅರಿಯದ ಅಂಗಡಿಯವರ ಇಡೀ ಖಾತೆಯೇ ಫ್ರೀಜ್ ಆಗುವುದುಂಟು.

ಬ್ಯಾಂಕಿಗೂ ಪ್ರತ್ಯೇಕವಾಗಿ ಬರೆದು ಕೊಡಲೇಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. 4ರಿಂದ 7ನೇ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಯವರ ಮೇಲೆ ಹೆಚ್ಚೆಂದರೆ 10,000 ರೂಪಾಯಿ. ಓಟಿಪಿ ತಾವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವರದೇ.

ಉಳಿದ ಒಂದು ಅಂಕದ ವಿಷಯ ಇದು. ಪೊಲೀಸರ ಸೋಗಿನ ವಂಚಕರು "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ" ಎಂದು ವಿಡಿಯೊ ಕಾಲ್‌ನಲ್ಲಿ ಹೆದರಿಸಿದಾಗ ಹಿರಿಯರು ತಾವೇ ಬ್ರಾಂಚಿಗೆ ನಡೆದು ಹೋಗಿ, ಎಫ್‌ಡಿ ಮುರಿಸಿ, ಸ್ವಂತ ಸಹಿ ಹಾಕಿ ಆರ್‌ಟಿಜಿಎಸ್ ಮಾಡುತ್ತಾರೆ. ಅಂಥ ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ. ಹರಿಯಾಣದ ಅಂಬಾಲಾದ ಹಿರಿಯ ದಂಪತಿಯ ಪ್ರಕರಣದ ಮೇಲೆ 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಇದನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಅಮೆರಿಕದಲ್ಲಿ 2018ರಿಂದ, ಹಿರಿಯ ಗ್ರಾಹಕರಿಗೆ ಮೋಸವಾಗುತ್ತಿದೆ ಎಂದು ವರದಿ ಮಾಡುವ ತರಬೇತಾದ ಬ್ಯಾಂಕ್ ಸಿಬ್ಬಂದಿಗೆ ಕಾನೂನಿನ ರಕ್ಷಣೆ ಇದೆ. ಅಲ್ಲಿನ ಷೇರು ದಲ್ಲಾಳಿ ಸಂಸ್ಥೆಗಳು 65 ತುಂಬಿದವರ ಖಾತೆಯಿಂದ ಹೊರಹೋಗುವ ಹಣವನ್ನು ಅನುಮಾನವಿದ್ದರೆ ತಾತ್ಕಾಲಿಕವಾಗಿ ತಡೆಹಿಡಿಯಬಹುದು. ನಮ್ಮಲ್ಲಿ ಕೌಂಟರಿನ ಹುಡುಗಿ "ಯಾರಿಗೆ ಕಳಿಸ್ತಿದೀರಾ ಅಜ್ಜ?" ಅಂತ ಕೇಳಿದರೆ ಅದು ಆಕೆಯ ಒಳ್ಳೆಯತನ, ಅಷ್ಟೇ.

ನಮ್ಮ 2007ರ ಹಿರಿಯ ನಾಗರಿಕರ ಕಾಯ್ದೆ ಇದಕ್ಕೆ ಒದಗಲ್ಲ. ಅದು ಮನೆಯೊಳಗಿನವರಿಗೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ತೋಟ ಬರೆಸಿಕೊಂಡ ಮಗ ಕೈಬಿಟ್ಟರೆ, 23ನೇ ಕಲಂ ಅಡಿ ಆ ಪತ್ರ ರದ್ದು ಮಾಡಿಸಬಹುದು. ಅರ್ಜಿ ಉಪವಿಭಾಗಾಧಿಕಾರಿಗೆ: ಹಾಸನ, ಸಕಲೇಶಪುರ, ಚಿಕ್ಕಮಗಳೂರು, ತರೀಕೆರೆ. ಷರತ್ತನ್ನು ಪತ್ರದಲ್ಲೇ ಬರೆಸಿರಬೇಕು, ಬಾಯಿಮಾತು ನಂಬಿದವರು ಕೋರ್ಟಿನಲ್ಲಿ ಒದ್ದಾಡುತ್ತಾರೆ.

ಕಾನೂನು ಬರುವವರೆಗೆ ಕಾಯದೆ ಮಾಡಬಹುದಾದ್ದು ಒಂದಿದೆ. ಕಾಫಿ ಮಾರಿದ ದುಡ್ಡನ್ನು ಎಫ್‌ಡಿ ಇಡುವಾಗ ಇಬ್ಬರ ಹೆಸರಲ್ಲಿ, 'ಜಾಯಿಂಟ್ಲಿ' ಎಂದು ಬರೆಸಿದರೆ ಒಂದೇ ಸಹಿಗೆ ಅದು ಮುರಿಯಲ್ಲ. ಒಬ್ಬರು ಆಸ್ಪತ್ರೆ ಸೇರಿದಾಗ ಇದೇ ಕಷ್ಟವಾಗುತ್ತೆ, ಅದಕ್ಕೆ ಖರ್ಚಿನ ಹಣ ಬೇರೆ ಖಾತೆಯಲ್ಲಿರಲಿ. ಯುಪಿಐ ಆ ಸಣ್ಣ ಖಾತೆಗೆ ಮಾತ್ರ ಇರಲಿ.

ದೂರು ಕೊಟ್ಟ ಕೆಲ ದಿನಗಳಲ್ಲಿ "ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಲು ಶುಲ್ಕ ಕಟ್ಟಿ" ಎಂಬ ಕರೆ ಬರಬಹುದು. 1930ರವರು ಒಂದು ಪೈಸೆಯನ್ನೂ ಕೇಳಲ್ಲ. ಅಂಥ ಕರೆಯೂ ವಂಚನೆಯೇ, ಅದಕ್ಕೆ ಬೇರೆ ದೂರು, ಬೇರೆ ಸ್ವೀಕೃತಿ ನಂಬರ್.