ಫೌಂಡರ್ ನಡೆಸುವ ಕಂಪನಿ, ಸಿಇಒ ನಡೆಸುವ ಕಂಪನಿ: ಎರಡರಲ್ಲೂ ಇದ್ದು ಬಂದವನ ಹೋಲಿಕೆ

ಶಾಂಪೂ, ಹ್ಯಾಂಡ್‌ವಾಶ್, ಫ್ಲೋರ್ ಕ್ಲೀನರ್ ಥರದ ಸಾಮಾನು ಮಾಡುವ ಎರಡು ಕಂಪನಿಗಳಲ್ಲಿ ಒಟ್ಟು ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಎರಡೂ ಜೋರಾಗಿ ಬೆಳೆಯುತ್ತಿದ್ದವೇ. ಮೊದಲನೆಯದಕ್ಕೆ ಸೇರಿದಾಗ ನಾವು 40 ಜನ, ಬಿಡುವಾಗ 300ರ ಹತ್ತಿರ. ಅದನ್ನು ಶುರು ಮಾಡಿದವರೇ ನಡೆಸುತ್ತಿದ್ದರು. ಎರಡನೆಯದರಲ್ಲಿ ನಾನು ಹೋಗುವಾಗಲೇ 700 ಜನ ಇದ್ದರು. ಮಾಲೀಕರು ಹಿಂದೆ ಸರಿದು ಹೊರಗಿನಿಂದ ಬಂದ ಸಿಇಒ ಕೈಗೆ ಕೊಟ್ಟಿದ್ದರು.

ಯಾವುದು ವಾಸಿ ಅಂತ ಕೇಳುವವರು ಬಹಳ. ನಾನು ಅಳೆಯುವುದು ಒಂದೇ ವಿಷಯದಲ್ಲಿ. ಕೆಟ್ಟ ಸುದ್ದಿ ಕೆಳಗಿನಿಂದ ಮೇಲಕ್ಕೆ ಹೋಗಲು ಎಷ್ಟು ದಿನ ಬೇಕು? ರಜೆ, ಕೆಲಸದ ಹೊತ್ತು ಎಲ್ಲ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಅಂದರೆ ಎರಡರಲ್ಲೂ ಜಾಸ್ತಿಯೇ ದುಡಿಸಿಕೊಳ್ಳುತ್ತಿದ್ದರು, ಅದನ್ನು ಬಿಡಿ.

ಮೊದಲು ನಿರ್ಧಾರದ ವೇಗ. ಇದರಲ್ಲಿ ಫೌಂಡರ್ ಕಂಪನಿಯನ್ನು ಮೀರಿಸೋರಿಲ್ಲ. ಹ್ಯಾಂಡ್‌ವಾಶ್‌ನ ಪಂಪ್ ಬಿಗಿಯಾಗಿದೆ ಅಂತ ನಾನು ಹೇಳಿದ ದಿನ ಅವರು ಪ್ಯಾಕಿಂಗ್ ಲೈನ್‌ಗೇ ಬಂದು, ಹತ್ತು ಬಾಟಲಿ ಒತ್ತಿ ನೋಡಿ, ಅಲ್ಲೇ ನಿಂತು ಸಪ್ಲೈಯರ್‌ಗೆ ಫೋನ್ ಮಾಡಿ ಪಂಪ್ ಬದಲಿಸಿಬಿಟ್ಟರು. ಹತ್ತು ನಿಮಿಷದ ಕೆಲಸ. ಎರಡನೇ ಕಂಪನಿಯಲ್ಲಿ ಒಂದು ಲೇಬಲ್ ಬದಲಾಗಬೇಕಾದರೆ ಮಾರ್ಕೆಟಿಂಗ್, ಲೀಗಲ್, ರೆಗ್ಯುಲೇಟರಿ (ಸರ್ಕಾರಿ ನಿಯಮ ನೋಡುವವರು), ಕ್ಯೂಸಿ (ಗುಣಮಟ್ಟ ಪರೀಕ್ಷಿಸುವವರು), ಪ್ಯಾಕೇಜಿಂಗ್, ಇಷ್ಟೂ ಜನ ಸಹಿ ಹಾಕಬೇಕು. ಮೂರು ವಾರ. ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ.

ಆದರೆ ಆ ವೇಗದ ಇನ್ನೊಂದು ಮುಖವೂ ಇದೆ. ಒಂದು ಬೆಳಿಗ್ಗೆ ಫೌಂಡರ್‌ಗೆ ಶಾಂಪೂವಿನ ಪರ್ಫ್ಯೂಮ್ ಹಿಡಿಸಲಿಲ್ಲ, ಬದಲಿಸಿ ಅಂದರು. ಬದಲಿಸಿದೆವು. ಹೊಸದರ ಜೊತೆ ಬಂದ ಒಂದು ಪದಾರ್ಥ ಲೇಬಲ್‌ನ ಪಟ್ಟಿಯಲ್ಲಿ ಇರಲಿಲ್ಲ. ಅಷ್ಟರಲ್ಲಿ ಸಾವಿರಾರು ಬಾಟಲಿಗೆ ಹಳೇ ಲೇಬಲ್ ಅಂಟಿಸಿ ಆಗಿತ್ತು. ಎಲ್ಲವನ್ನೂ ಕೈಯಲ್ಲಿ ಕಿತ್ತು ಮತ್ತೆ ಅಂಟಿಸಿದ್ದೇವೆ, ನಾನೂ ಕೂತಿದ್ದೆ. ಆ ಐದು ಸಹಿಗಳು ಯಾಕೆ ಅಂತ ನನಗೆ ಅರ್ಥವಾಗಿದ್ದು ಬೆರಳಿಗೆ ಅಂಟು ಮೆತ್ತಿಕೊಂಡ ಆ ರಾತ್ರಿಯನ್ನು ಮುಂದೊಂದು ದಿನ ನೆನೆಸಿಕೊಂಡಾಗ.

ಇನ್ನು ಕೆಟ್ಟ ಸುದ್ದಿಯ ವಿಷಯ. ಕ್ಯಾಪ್ ಹಾಕುವ ಮೆಷಿನ್‌ನ ಬಿಗಿತ ಸ್ವಲ್ಪ ಸಡಿಲಾದರೂ ಲಾರಿಯಲ್ಲಿ ಬಾಟಲಿ ಸೋರುತ್ತದೆ. ಒಂದು ಬಾಟಲಿ ಸೋರಿದರೆ ಇಡೀ ಬಾಕ್ಸ್ ಹಾಳು. ನಾವು 40 ಜನ ಇದ್ದಾಗ ಹೀಗಾಯಿತು. ಲೈನ್ ಸೂಪರ್‌ವೈಸರ್ ನೇರ ಹೋಗಿ ಫೌಂಡರ್‌ಗೆ ಹೇಳಿದರು, ಸಂಜೆಯೊಳಗೆ ಲೈನ್ ನಿಂತಿತು. ನಾವು 250 ಜನ ಆದ ಮೇಲೆ ಅದೇ ತೊಂದರೆ ಮತ್ತೆ ಬಂತು. ಅದೇ ಫೌಂಡರ್, ಅದೇ ಥರದ ಕ್ಯಾಪ್. ಮಂಗಳವಾರವೇ ಕ್ಯೂಸಿಯವರಿಗೆ ಗೊತ್ತಾಗಿತ್ತು. ಅವರು ಪ್ರೊಡಕ್ಷನ್ ಹೆಡ್‌ಗೆ ಹೇಳಿದರು. ಆ ಹೆಡ್, ಲಾಂಚ್ ತಾರೀಖು ಹೇಳಿ ಆಗಿದೆ, ಈ ವಾರ ಬೇಡ, ಮುಂದಿನ ವಾರ ಸರ್ ಮೂಡ್ ನೋಡಿಕೊಂಡು ಹೇಳೋಣ ಅಂದರು. ಫೌಂಡರ್‌ಗೆ ಗೊತ್ತಾಗಿದ್ದು ಹನ್ನೊಂದು ದಿನದ ಮೇಲೆ, ಒಬ್ಬ ಡಿಸ್ಟ್ರಿಬ್ಯೂಟರ್ ಕಳಿಸಿದ ಫೋಟೋದಿಂದ.

"ನನಗೆ ಯಾಕೆ ಯಾರೂ ಹೇಳಲಿಲ್ಲ?" ಅಂತ ಅವರು ಕೂಗಾಡಿದಾಗ ನಾವೆಲ್ಲ ಟೇಬಲ್ ನೋಡುತ್ತಾ ಕೂತಿದ್ದೆವು. ಉತ್ತರ ಎಲ್ಲರಿಗೂ ಗೊತ್ತಿತ್ತು. ಹಿಂದಿನ ತಿಂಗಳು ಸ್ಟಾಕ್ ಕಮ್ಮಿ ಇದೆ ಅಂತ ಹೇಳಿದ ಹುಡುಗನನ್ನು ಅದೇ ರೂಮಿನಲ್ಲಿ, ಎಲ್ಲರ ಮುಂದೆ, ನೀರಿಳಿಸಿದ್ದರು. ಅವರು ಕೆಟ್ಟವರಲ್ಲ. ಮೊದಲೂ ಹಾಗೇ ಬೈಯುತ್ತಿದ್ದರು, ಆದರೆ 40 ಜನರಲ್ಲಿ ಬೈಸಿಕೊಂಡವನ ಹೆಗಲ ಮೇಲೆ ಸಂಜೆ ಕೈ ಹಾಕಿ ಮಾತಾಡಿಸುತ್ತಿದ್ದರು. 250 ಜನರಲ್ಲಿ ಅವನ ಹೆಸರೇ ಅವರಿಗೆ ಗೊತ್ತಿರಲಿಲ್ಲ. ಬೈಗುಳ ಮಾತ್ರ ಉಳಿಯಿತು. ಗೋರ್-ಟೆಕ್ಸ್ ಬಟ್ಟೆಗೆ ಹೆಸರಾದ ಕಂಪನಿಯನ್ನು 1958ರಲ್ಲಿ ಕಟ್ಟಿದ ಬಿಲ್ ಗೋರ್, ಒಂದು ಫ್ಯಾಕ್ಟರಿಯಲ್ಲಿ ಜನ ಸುಮಾರು 200 ದಾಟದ ಹಾಗೆ ನೋಡಿಕೊಳ್ಳುತ್ತಿದ್ದರಂತೆ, ಒಬ್ಬರಿಗೊಬ್ಬರು ಪರಿಚಯ ಇರಲಿ ಅಂತ. ಮೊದಲು ಓದಿದಾಗ ಸುಮ್ನೆ ಹುಚ್ಚಾಟ ಅನ್ನಿಸಿತ್ತು. ಈಗ ಅನ್ನಿಸಲ್ಲ.

ಎರಡನೇ ಕಂಪನಿಯಲ್ಲಿ ಇದಕ್ಕೆ ಒಂದು ಹಳದಿ ಫಾರಂ ಇತ್ತು. ಕ್ಯೂಸಿಯಲ್ಲಿ ನಿನ್ನೆ ಸೇರಿದ ಟ್ರೈನಿ ಕೂಡ ಅದನ್ನು ತುಂಬಿ ಬ್ಯಾಚ್ ನಿಲ್ಲಿಸಬಹುದು. ಒಮ್ಮೆ ನಿಲ್ಲಿಸಿದರೆ ಪ್ಲಾಂಟ್ ಹೆಡ್ ಒಬ್ಬರೇ ಬಿಡುಗಡೆ ಮಾಡುವ ಹಾಗಿಲ್ಲ. ಟೊಯೋಟಾ ಕಾರ್ಖಾನೆಗಳಲ್ಲಿ ಯಾವ ಕೆಲಸಗಾರ ಬೇಕಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು ಅಂತಾರಲ್ಲ, ಅದರ ಬಡ ತಮ್ಮ ಇದು. ನಾನಿದ್ದಾಗ ಒಂದು ಹುಡುಗಿ ಶಾಂಪೂ ತೆಳ್ಳಗಾಗಿದೆ ಅಂತ ಬ್ಯಾಚ್ ನಿಲ್ಲಿಸಿದಳು. ಸೇಲ್ಸ್‌ನವರು ಕೆಂಡಾಮಂಡಲ. ಸಿಇಒ ಪ್ಲಾಂಟ್‌ಗೆ ಬಂದು ಅವಳನ್ನು ಕೇಳಿದ್ದು ಒಂದೇ: "ಹೇಗೆ ಕಂಡುಹಿಡಿದೆ, ತೋರಿಸಮ್ಮ." ಅವಳು ತೋರಿಸಿದಳು. ಅರ್ಧ ಗಂಟೆ ನಿಂತು ನೋಡಿದರು. ಆ ವರ್ಷ ಹಳದಿ ಫಾರಂ ತುಂಬುವವರು ಜಾಸ್ತಿಯಾದರು.

ಗೋಡೆಯ ಮೇಲೆ "ಗ್ರಾಹಕರೇ ಮೊದಲು" ಅಂತ ಎರಡೂ ಕಡೆ ಬರೆದಿತ್ತು, ಅಕ್ಷರ ಮೊದಲನೇ ಕಂಪನಿಯಲ್ಲೇ ದೊಡ್ಡದು. ಜಾನ್ಸನ್ ಅಂಡ್ ಜಾನ್ಸನ್‌ನವರು 1943ರಲ್ಲೇ ಇಂಥದ್ದೊಂದನ್ನು ಬರೆದಿಟ್ಟುಕೊಂಡಿದ್ದರು. 1982ರಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಅವರ ನೋವಿನ ಔಷಧಿ ಟೈಲೆನಾಲ್‌ನ ಕ್ಯಾಪ್ಸೂಲ್‌ಗೆ ಸಯನೈಡ್ ಬೆರೆಸಿ ಏಳು ಜನ ಸತ್ತಾಗ, ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ತರಿಸಿದರು. ಬರೆದದ್ದಕ್ಕೆ ದುಡ್ಡು ಕೊಟ್ಟರು ಅಂದರೆ ಅದು. (ಅದೇ ಕಂಪನಿ ಆಮೇಲೆ ಟಾಲ್ಕಂ ಪೌಡರ್ ವಿಷಯದಲ್ಲಿ ಸಾವಿರಾರು ಕೇಸು ಎದುರಿಸಿತು, ಅದನ್ನೂ ಹೇಳಲೇಬೇಕು.)

ಇಷ್ಟು ಓದಿ ಎರಡನೆಯದೇ ಸ್ವರ್ಗ ಅಂದುಕೊಂಡರೆ ತಪ್ಪು. ಅಲ್ಲಿ ನಾನು ಕ್ಯೂಸಿ ಪಕ್ಕದಿಂದ ಸೇಲ್ಸ್ ಪ್ಲಾನಿಂಗ್‌ಗೆ ಹೋದೆ. ಬೇರೆಯೇ ಕಂಪನಿಗೆ ಸೇರಿದ ಹಾಗಾಯಿತು. ತಿಂಗಳ ಕೊನೆಯ ಮೂರು ದಿನ ಡಿಸ್ಟ್ರಿಬ್ಯೂಟರ್‌ಗಳ ಗೋಡೌನ್‌ಗೆ ಸ್ಟಾಕ್ ತುಂಬಿಸುವುದೇ ಕೆಲಸ. ಕಂಪನಿಯಿಂದ ಡಿಸ್ಟ್ರಿಬ್ಯೂಟರ್‌ಗೆ ಹೋದದ್ದು ಪ್ರೈಮರಿ, ಅವರಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ಟಾರ್ಗೆಟ್, ಬೋನಸ್, ಚಪ್ಪಾಳೆ ಎಲ್ಲ ಪ್ರೈಮರಿಗೆ. ಹಾಗಾಗಿ ಮುಂದಿನ ತಿಂಗಳ ಮೊದಲ ಹತ್ತು ದಿನ ಒಂದು ಆರ್ಡರೂ ಇರುತ್ತಿರಲಿಲ್ಲ, ಆರು ತಿಂಗಳಾದ ಮೇಲೆ ಎಕ್ಸ್‌ಪೈರಿ ಹತ್ತಿರ ಬಂದ ಮಾಲು ಲೋಡುಗಟ್ಟಲೆ ವಾಪಸ್ ಬರುತ್ತಿತ್ತು, ಆ ಲೆಕ್ಕ ಬೇರೆ ಯಾವುದೋ ಶೀಟಿನಲ್ಲಿ ಹೂತು ಹೋಗುತ್ತಿತ್ತು. ನಾನು ಮೀಟಿಂಗ್‌ನಲ್ಲಿ ಸೆಕೆಂಡರಿ ನಂಬರ್ ತೋರಿಸಿದೆ. ನನ್ನ ಮ್ಯಾನೇಜರ್ ನಕ್ಕು, ಇದನ್ನು ಮೇಲೆ ತೋರಿಸುವ ಸಮಯ ಅಲ್ಲ ಅಂದರು. ಎರಡು ವರ್ಷ ಆ ಸಮಯ ಬರಲೇ ಇಲ್ಲ. ಅಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುತ್ತಿದ್ದರು, ಸರ್ ಅನ್ನೋ ಹಾಗಿರಲಿಲ್ಲ. ಹೆದರಿಕೆಗೆ ಅದರಿಂದ ಏನೂ ಆಗಲ್ಲ ಅಂತ ಗೊತ್ತಾಯಿತು.

ಈ ವಿಷಯದಲ್ಲಿ ಮೊದಲನೇ ಕಂಪನಿಯ ಫೌಂಡರ್‌ಗೆ ಮೋಸ ಮಾಡಲು ಆಗುತ್ತಿರಲಿಲ್ಲ. ಅವರೇ ಅಂಗಡಿಗೆ ಹೋಗಿ ಶೆಲ್ಫ್‌ನಲ್ಲಿ ಬಾಟಲಿ ತಿರುಗಿಸಿ ಬ್ಯಾಚ್ ತಾರೀಖು ನೋಡುತ್ತಿದ್ದರು. ಸ್ವಂತ ದುಡ್ಡು, ಅಲ್ವಾ.

ಬ್ರ್ಯಾಂಡ್ ಮ್ಯಾನೇಜರ್ ಕೆಲಸದ ಬಗ್ಗೆ ಒಂದು ಮಾತು. ಒಂದು ಬ್ರ್ಯಾಂಡ್‌ಗೆ ಒಬ್ಬರು ಪೂರ್ತಿ ಜವಾಬ್ದಾರರಾಗಿರಬೇಕು ಅಂತ 1931ರಲ್ಲಿ ಅಮೆರಿಕದ ಸೋಪು ಕಂಪನಿ ಪಿ ಅಂಡ್ ಜಿಯ (ಪ್ರಾಕ್ಟರ್ ಅಂಡ್ ಗ್ಯಾಂಬಲ್) ನೀಲ್ ಮೆಕೆಲ್ರಾಯ್ ಮೆಮೊ ಬರೆದರು, ಕ್ಯಾಮೆ ಸೋಪು ತಮ್ಮದೇ ಕಂಪನಿಯ ಐವರಿಯ ನೆರಳಲ್ಲಿ ಒದ್ದಾಡುತ್ತಿದ್ದ ಹೊತ್ತಿನಲ್ಲಿ. ಮೊದಲನೇ ಕಂಪನಿಯಲ್ಲಿ ಎಲ್ಲ ಬ್ರ್ಯಾಂಡ್‌ಗೂ ಆ ಒಬ್ಬರು ಫೌಂಡರೇ, ಉಳಿದವರು ಅವರ ಫೈಲ್ ಹೊತ್ತವರು. ಎರಡನೆಯದರಲ್ಲಿ ಜವಾಬ್ದಾರಿ ನಿಜವಾಗಿ ಕೊಡುತ್ತಿದ್ದರು, ಕೆಲಸ ಕಲಿಯಲು ಅದೇ ಒಳ್ಳೇ ಜಾಗ.

ನನ್ನನ್ನು ಕೇಳಿದರೆ, ನೂರು ಜನದೊಳಗೆ ಫೌಂಡರ್ ಕಂಪನಿ, ಅದರ ಮೇಲೆ ಸಿಇಒ ಕಂಪನಿ. ಆದರೆ ಯಾವ ಡಿಪಾರ್ಟ್‌ಮೆಂಟ್ ಅಂತ ನೋಡದೆ ಎಲ್ಲಿಗೂ ಹೋಗಬೇಡಿ. ಇಂಟರ್‌ವ್ಯೂನಲ್ಲಿ ನಿಮ್ಮ ಸರದಿ ಬಂದಾಗ ಕೇಳಿ: ಇಲ್ಲಿ ಕೊನೇ ಸಲ ಲಾಂಚ್ ನಿಲ್ಲಿಸಿದ್ದು ಯಾರು, ಅವರು ಈಗ ಎಲ್ಲಿದ್ದಾರೆ?

ಹಳೇ ಟೀಮಿನ ಹುಡುಗನೊಬ್ಬ ಎರಡು ಆಫರ್ ಇಟ್ಟುಕೊಂಡು ಹೋದ ತಿಂಗಳು ಫೋನ್ ಮಾಡಿದ್ದ. ಅವನಿಗೂ ಇದನ್ನೇ ಹೇಳಿಕೊಟ್ಟೆ. ಒಂದು ಕಡೆ, ನಿಲ್ಲಿಸಿದಾಕೆ ಈಗ ಕ್ವಾಲಿಟಿ ಹೆಡ್ ಅಂದರಂತೆ. ಇನ್ನೊಂದು ಕಡೆ, ನಾವು ಲಾಂಚ್ ನಿಲ್ಲಿಸೋದೇ ಇಲ್ಲ ಅಂತ ನಕ್ಕರಂತೆ. ಅವನು ನಕ್ಕವರ ಹತ್ತಿರವೇ ಸೇರಿದ, ಸಂಬಳ ಜಾಸ್ತಿ ಇತ್ತು. ನಾನು ಏನೂ ಹೇಳಲಿಲ್ಲ, ಅವನ ವಯಸ್ಸಿನಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ.